ಪಟ್ಟಕ್ಕೇರಿದ ಮೇಲಿನ ಎಂಟು ತಿಂಗಳು

ಜೇಮ್ಸ್ 'ಬಸ್ಟರ್' ಡಗ್ಲಸ್ ಹೆವಿವೇಟ್ ಚಾಂಪಿಯನ್ ಆಗಿದ್ದದ್ದು 256 ದಿನ. 1990ರ ಫೆಬ್ರವರಿ 11ರಂದು ಟೋಕಿಯೊದಲ್ಲಿ ಮೈಕ್ ಟೈಸನ್‌ನನ್ನು ಹತ್ತನೇ ಸುತ್ತಿನಲ್ಲಿ ಕೆಡವಿದ; ಅದೇ ವರ್ಷ ಅಕ್ಟೋಬರ್ 25ರಂದು ಲಾಸ್ ವೇಗಸ್‌ನಲ್ಲಿ ಇವಾಂಡರ್ ಹೋಲಿಫೀಲ್ಡ್ ಎದುರು ಮೂರನೇ ಸುತ್ತಿಗೇ ಮಲಗಿದ. ಮೊದಲ ಪಂದ್ಯವನ್ನು ಎಲ್ಲರೂ ನೆನೆಯುತ್ತಾರೆ. ಮುಷ್ಟಿಯುದ್ಧ ಕಲಿಯುವವರಿಗೆ ಪಾಠವಿರುವುದು ಎರಡನೆಯದರಲ್ಲಿ.

ಟೋಕಿಯೊದ ಗೆಲುವನ್ನು ಅದೃಷ್ಟವೆಂದು ತಳ್ಳಿಹಾಕುವ ಬಳಗ ಇಂದಿಗೂ ಇದೆ. ಎಂಟನೇ ಸುತ್ತಿನಲ್ಲಿ ಡಗ್ಲಸ್ ಬಿದ್ದಾಗ ರೆಫರಿ ನಿಧಾನವಾಗಿ ಎಣಿಸಿದರೆಂಬುದು ಅವರ ತಕರಾರು. ಆದರೆ ಬಿದ್ದವನು ಏಳಬೇಕಾದದ್ದು ರೆಫರಿಯ ಎಣಿಕೆಗೆ. ಡಗ್ಲಸ್ ಒಂಬತ್ತಕ್ಕೆ ಎದ್ದ. ಅದಕ್ಕೂ ಮೊದಲಿನ ಸುತ್ತುಗಳಲ್ಲಿ ಅವನ ಎಡಗೈಯ ಜ್ಯಾಬ್ ಟೈಸನ್‌ನನ್ನು ಹತ್ತಿರಕ್ಕೆ ಬರಗೊಟ್ಟಿರಲಿಲ್ಲ. ಟೈಸನ್‌ಗಿಂತ 12 ಅಂಗುಲ ಹೆಚ್ಚಿನ ಕೈಚಾಚು ಡಗ್ಲಸ್‌ಗೆ ಮೊದಲಿನಿಂದಲೂ ಇತ್ತು. ಆ ರಾತ್ರಿ ಹೊಸದಾಗಿ ಕೂಡಿದ್ದು ಅದನ್ನು ಸುತ್ತಿನಿಂದ ಸುತ್ತಿಗೆ ದುಡಿಸುವ ದಮ್ಮು. ಪಂದ್ಯಕ್ಕೆ ಮೂರು ವಾರವಷ್ಟೇ ಇದ್ದಾಗ ತಾಯಿ ತೀರಿಕೊಂಡರೂ ಅವನು ಅಭ್ಯಾಸ ಬಿಡಲಿಲ್ಲ. 42ಕ್ಕೆ 1ರ ಬಾಜಿಯನ್ನು ಸುಳ್ಳು ಮಾಡಿದ್ದು ತಯಾರಿ.

ಆ ತಯಾರಿಯೇ ಮುಂದಿನ ಎಂಟು ತಿಂಗಳಲ್ಲಿ ಕರಗಿತು. ಟೋಕಿಯೊದಲ್ಲಿ ಸುಮಾರು 105 ಕಿಲೋ ತೂಗಿದ್ದವನು ಲಾಸ್ ವೇಗಸ್‌ನಲ್ಲಿ ಹೆಚ್ಚುಕಡಿಮೆ 111.5 ಕಿಲೋ ತೂಗಿದ. ನಡುವೆ ಪ್ರವರ್ತಕ ಡಾನ್ ಕಿಂಗ್ ಜೊತೆ ಕೋರ್ಟು ಕಚೇರಿಯ ಜಗಳ ನಡೆದಿತ್ತು. ಗೆದ್ದರೂ ಸೋತರೂ ಕೈಸೇರುವ ಹಣ ಎರಡು ಕೋಟಿ ಡಾಲರ್ ದಾಟಿತ್ತು. ಎದುರಿಗಿದ್ದ ಹೋಲಿಫೀಲ್ಡ್ 24 ಪಂದ್ಯಗಳಲ್ಲಿ ಒಂದನ್ನೂ ಸೋತವನಲ್ಲ. ಸುಮಾರು 94 ಕಿಲೋದ ಹದಗೊಂಡ ಮೈ ಅವನದು. ಡಗ್ಲಸ್ ದೂರದಿಂದ ಬೀಸಿದ ಬಲಗೈ ಅಪ್ಪರ್‌ಕಟ್ ಗುರಿ ತಪ್ಪಿತು. ಹೋಲಿಫೀಲ್ಡ್‌ನ ಬಲಗೈ ತಪ್ಪಲಿಲ್ಲ.

ಇಂಥ ಸೋಲು ಹೆವಿವೇಟ್‌ನಲ್ಲೇ ಎದ್ದು ಕಾಣುವುದಕ್ಕೆ ಕಾರಣವಿದೆ. ಆ ವಿಭಾಗದಲ್ಲಿ ತೂಕಕ್ಕೆ ಮೇಲಿನ ಮಿತಿಯೇ ಇಲ್ಲ. ಪುಣೆಯ ಮುಂಢ್ವಾದ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟಿನಲ್ಲಿ ತಯಾರಾಗುವ ಕೆಳಗಿನ ತೂಕದ ಬಾಕ್ಸರ್‌ಗಳು ತಕ್ಕಡಿ ಏರದೆ ರಿಂಗ್ ಏರುವಂತಿಲ್ಲ. ಸಡಿಲಬಿಟ್ಟ ಮೈ ಪಂದ್ಯಕ್ಕೆ ಮುಂಚೆಯೇ ಸಿಕ್ಕಿಬೀಳುತ್ತದೆ. ಹೆವಿವೇಟ್ ಚಾಂಪಿಯನ್ನನ ತಕ್ಕಡಿ ತೂಕವನ್ನು ಹೇಳುತ್ತದೆಯೇ ಹೊರತು ಯಾರನ್ನೂ ತಡೆಯುವುದಿಲ್ಲ.

ನಿಗಡಿ, ಪಿಂಪ್ರಿ, ಚಿಂಚವಡದ ಓದುಗರಿಗೆ ಹೆಚ್ಚು ಪರಿಚಿತವಾದ ಕುಸ್ತಿಯಲ್ಲಿ ಬಿರುದಿನ ಪದ್ಧತಿಯೇ ಬೇರೆ. ಚಿಕ್ಕೋಡಿ ಕಡೆಯ ಯಕ್ಸಂಬಾದಲ್ಲಿ ಹುಟ್ಟಿ, ಕೊಲ್ಹಾಪುರದ ತಾಲೀಮಿನಲ್ಲಿ ಬೆಳೆದ ಶ್ರೀಪತಿ ಖಂಚನಾಳೆ 1959ರಲ್ಲಿ ಮೊದಲ ಹಿಂದ್ ಕೇಸರಿಯಾದರು. 2020ರಲ್ಲಿ ಅವರು ತೀರಿಕೊಂಡಾಗಲೂ ಜನ ಅವರನ್ನು ಕರೆದದ್ದು ಹಿಂದ್ ಕೇಸರಿ ಎಂದೇ. ಗದೆ ಗೆದ್ದವನ ಬಿರುದು ಆ ವರ್ಷದ ಲೆಕ್ಕಕ್ಕೆ ಸೇರಿ ಶಾಶ್ವತವಾಗುತ್ತದೆ. ಬಾಕ್ಸಿಂಗ್ ಬೆಲ್ಟ್ ಮುಂದಿನ ಪಂದ್ಯದವರೆಗಿನದು. ಆದ್ದರಿಂದ ಗೆಲುವಿನ ಮರುದಿನವೇ ಚಾಂಪಿಯನ್ ಮತ್ತೆ ಅಭ್ಯರ್ಥಿಯಾಗುತ್ತಾನೆ. ಅನಿರೀಕ್ಷಿತವಾಗಿ ಗೆದ್ದವನಿಗೆ ಇದು ಇನ್ನೂ ಕಠಿಣ: ಅಲ್ಲಿಯವರೆಗೆ ಅವನನ್ನು ಕಡೆಗಣಿಸಿದ್ದವರೆಲ್ಲ ಈಗ ಅವನ ಆಟವನ್ನು ಕೂಲಂಕಷವಾಗಿ ನೋಡತೊಡಗುತ್ತಾರೆ.

ಈ ಪಾಠ ಮೂರು ದಶಕಗಳ ಬಳಿಕ ಮತ್ತೆ ನಡೆಯಿತು. 2019ರ ಜೂನ್ 1ರಂದು ನ್ಯೂಯಾರ್ಕ್‌ನಲ್ಲಿ ಆ್ಯಂಡಿ ರೂಯಿಜ್, ಬೇರೊಬ್ಬನ ಬದಲಿಗೆ ಕಣಕ್ಕಿಳಿದು, ಆಂಟನಿ ಜೋಶುವಾನನ್ನು ನಾಲ್ಕು ಬಾರಿ ಕೆಡವಿ ಏಳನೇ ಸುತ್ತಿನಲ್ಲಿ ಗೆದ್ದ. ಡಿಸೆಂಬರ್ 7ರಂದು ಸೌದಿ ಅರೇಬಿಯಾದ ದಿರಿಯಾದಲ್ಲಿ ಮರುಪಂದ್ಯಕ್ಕೆ ಬಂದಾಗ ತೂಕ ಸುಮಾರು 7 ಕಿಲೋ ಏರಿತ್ತು. ಮೈ ಇಳಿಸಿಕೊಂಡು ಬಂದ ಜೋಶುವಾ 12 ಸುತ್ತೂ ದೂರ ಕಾಯ್ದು ಜ್ಯಾಬ್ ಹಾಕಿದ. ಮೂವರು ತೀರ್ಪುಗಾರರೂ ಅವನಿಗೇ ಗೆಲುವು ಕೊಟ್ಟರು. ಮೋಜುಕೂಟಗಳೇ ತನ್ನನ್ನು ಕೆಡಿಸಿದವೆಂದು ರೂಯಿಜ್ ಒಪ್ಪಿಕೊಂಡ.

ಡಗ್ಲಸ್‌ನ ಮೈ ಸೋಲಿನ ನಂತರ ಇನ್ನೂ ಬೆಳೆಯಿತು. 1994ರಲ್ಲಿ ಮಧುಮೇಹದಿಂದ ಪ್ರಜ್ಞೆ ತಪ್ಪಿ ಸಾವಿನ ಹತ್ತಿರ ಹೋಗಿಬಂದ. ಆಮೇಲೆ ತೂಕ ಇಳಿಸಿ, 1996ರಲ್ಲಿ ರಿಂಗಿಗೆ ಮರಳಿ ಹಲವು ಪಂದ್ಯ ಗೆದ್ದ. ಬೇಕಾಗಿದ್ದ ಶಿಸ್ತು ಅವನೊಳಗೆ ಇತ್ತೆಂಬುದಕ್ಕೆ ಇದು ಸಾಕ್ಷಿ. ಪಟ್ಟ ಕೈಯಲ್ಲಿದ್ದ ಎಂಟು ತಿಂಗಳಲ್ಲಿ ಅವನು ಅದನ್ನು ಬಳಸಲಿಲ್ಲ; ಆ ಪಟ್ಟಕ್ಕೆ ಮತ್ತೊಮ್ಮೆ ಸೆಣಸುವ ಅವಕಾಶ ಅವನಿಗೆ ಸಿಗಲೂ ಇಲ್ಲ.