ಸೀಸದ ಗುಂಡಿಗೆ ಎಷ್ಟು ಗಡಸುತನ ಬೇಕು?

ಅಮೆರಿಕದಲ್ಲಿ ಗುರಿಯಭ್ಯಾಸವನ್ನು ಹವ್ಯಾಸವಾಗಿ ಇಟ್ಟುಕೊಂಡವರ ಪೈಕಿ, ಬಂದೂಕಿನ ಗುಂಡುಗಳನ್ನು ಅಂಗಡಿಯಿಂದ ತರದೆ ಮನೆಯ ಹಿತ್ತಿಲಿನಲ್ಲೋ ಗ್ಯಾರೇಜಿನಲ್ಲೋ ಸೀಸ ಕರಗಿಸಿ ತಾವೇ ಎರಕ ಹೊಯ್ದುಕೊಳ್ಳುವ ಒಂದು ವರ್ಗ ಬಹುಕಾಲದಿಂದ ಇದೆ. ಇಲ್ಲಿ ಗುಂಡು ಎಂದರೆ ಇಡೀ ತೋಟಾ ಅಲ್ಲ, ಅದರ ತುದಿಯಲ್ಲಿ ಕೂತು ನಳಿಗೆಯಿಂದ ಹೊರಚಿಮ್ಮುವ ಲೋಹದ ತುಂಡು ಮಾತ್ರ. 1884ರಲ್ಲಿ ಜಾನ್ ಬಾರ್ಲೊ ಸ್ಥಾಪಿಸಿದ ಐಡಿಯಲ್ ಕಂಪನಿಯ ಅಚ್ಚುಗಳು ಈ ಹವ್ಯಾಸಕ್ಕೆ ಗಟ್ಟಿ ನೆಲೆ ಒದಗಿಸಿದವು. 1925ರಲ್ಲಿ ಆ ಕಂಪನಿಯನ್ನು ಕೊಂಡ ಲೈಮನ್ ಸಂಸ್ಥೆ ಆ ಪರಂಪರೆಯನ್ನು ಮುಂದುವರಿಸಿತು. ಸ್ವಂತ ಬಳಕೆಗೆ ಗುಂಡು ಎರಕ ಹೊಯ್ಯಲು ಅಮೆರಿಕದ ಕೇಂದ್ರ ಕಾನೂನು ಪರವಾನಗಿ ಕೇಳುವುದಿಲ್ಲ. ಭಾರತದಲ್ಲಿ ಮಾತ್ರ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ.

ಈ ಕಲೆಯ ಸತ್ವವೆಲ್ಲ ಮಿಶ್ರಲೋಹದಲ್ಲಿದೆ. ಶುದ್ಧ ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ ಮತ್ತು ಉಗುರಿನಿಂದ ಗೀರಿದರೂ ಗೆರೆ ಮೂಡುವಷ್ಟು ಮೃದುವಾಗಿರುತ್ತದೆ. ಗಡಸಾದ ಒಂದು ಗೋಲಿಯನ್ನು ಗೊತ್ತಾದ ಭಾರದಿಂದ ಲೋಹದ ಮೇಲೆ ಒತ್ತಿ, ಮೂಡಿದ ಕುಳಿಯನ್ನು ಅಳೆದು ಹೇಳುವ ಬ್ರಿನೆಲ್ ಮಾನದಲ್ಲಿ ಶುದ್ಧ ಸೀಸದ ಗಡಸುತನ ಸುಮಾರು 5. ಇದಕ್ಕೆ ಆಂಟಿಮನಿ ಬೆರೆತರೆ ಲೋಹ ಗಡಸಾಗುತ್ತದೆ, ತವರ ಬೆರೆತರೆ ಅದು ಸರಾಗವಾಗಿ ಹರಿದು ಅಚ್ಚಿನ ಮೂಲೆಮೂಲೆಯನ್ನೂ ತುಂಬುತ್ತದೆ. 90 ಪಾಲು ಸೀಸ, 5 ಪಾಲು ತವರ, 5 ಪಾಲು ಆಂಟಿಮನಿ ಇರುವ ‘ಲೈಮನ್ ನಂಬರ್ 2’ ಮಿಶ್ರಣದ ಗಡಸುತನ ಸುಮಾರು 15. ಮುದ್ರಣಾಲಯದ ಲೈನೋಟೈಪ್ ಲೋಹದ್ದು ಸುಮಾರು 22. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಕನ್ನಡ ಪತ್ರಿಕೆಗಳ ಅಚ್ಚುಮೊಳೆಗಳೂ ಸೀಸ, ಆಂಟಿಮನಿ, ತವರಗಳ ಇದೇ ಕುಲಕ್ಕೆ ಸೇರಿದವು. ಲೈನೋಟೈಪ್ ಯಂತ್ರಗಳು ಮೂಲೆ ಸೇರಿದ ಮೇಲೆ ಆ ಲೋಹದ ಒಂದಷ್ಟು ಪಾಲು ಈ ಹವ್ಯಾಸಿಗಳ ಕೈ ಸೇರಿತು. ಕಾರಿನ ಚಕ್ರದ ಸಮತೋಲನಕ್ಕೆ ಹಾಕುವ ಸೀಸದ ತೂಕದ ತುಂಡುಗಳೂ ಅವರಿಗೆ ಬಹುಕಾಲ ಅಗ್ಗದ ಮೂಲವಾಗಿದ್ದವು. ಈಗ ಅವುಗಳ ನಡುವೆ ಸತುವಿನ ತುಂಡುಗಳು ಸೇರಿಕೊಂಡಿರುತ್ತವೆ. ಸತು 419 ಡಿಗ್ರಿಯಲ್ಲಿ ಕರಗುವುದರಿಂದ, ಉರಿಯನ್ನು ಅದಕ್ಕಿಂತ ಕೆಳಗೆ ಇಟ್ಟವರು ಕರಗಿದ ಸೀಸದ ಮೇಲೆ ತೇಲುವ ಅವನ್ನು ಸೌಟಿನಿಂದ ಎತ್ತಿ ಹಾಕುತ್ತಾರೆ.

ಗುಂಡು ಗಡಸಾದಷ್ಟೂ ಉತ್ತಮ ಎಂಬ ನಂಬಿಕೆ ಹೊಸಬರಲ್ಲಿ ಬಲವಾಗಿದೆ, ಆದರೆ ಅದು ತಪ್ಪು. ಮದ್ದು ಉರಿದಾಗ ಹುಟ್ಟುವ ಅನಿಲ ಗುಂಡಿನ ಪಕ್ಕದಿಂದ ನುಸುಳಿದರೆ ಸೀಸವನ್ನು ಕೊರೆದು ನಳಿಗೆಯ ಒಳಮೈಗೆ ಮೆತ್ತುತ್ತದೆ, ಗುರಿಯೂ ಕೆಡುತ್ತದೆ. ಇದನ್ನು ತಡೆಯುವುದು ಮೊದಲಿಗೆ ಅಳತೆ, ಅಂದರೆ ನಳಿಗೆಯೊಳಗಿನ ಗೀರುಗಳ ವ್ಯಾಸಕ್ಕಿಂತ ಗುಂಡು ಅಂಗುಲದ ಸಾವಿರದಲ್ಲೊಂದು ಪಾಲಿನಷ್ಟು ದಪ್ಪವಾಗಿರುವುದು. ಆಮೇಲೆ, ಒತ್ತಡಕ್ಕೆ ತುಸು ಹಿಗ್ಗಿ ಸಂದು ಮುಚ್ಚುವ ಮೃದುತ್ವ. ಫ್ರಾನ್ಸಿನ ಮಿನಿಯೆ 1849ರಲ್ಲಿ ಬಳಕೆಗೆ ತಂದ ಪೊಳ್ಳು ಬುಡದ ಗುಂಡು ಕೆಲಸ ಮಾಡಿದ್ದೇ ಮೃದು ಸೀಸದ ಈ ಗುಣದಿಂದ. ರಿವಾಲ್ವರ್‌ಗಳಲ್ಲಿ ಬಲವಾದ ತೋಟಾಗಳನ್ನು ಪ್ರಯೋಗಿಸಿ ಹೆಸರಾದ ಎಲ್ಮರ್ ಕೀತ್ ಕೂಡ ಆಂಟಿಮನಿಯ ಮೊರೆ ಹೋಗದೆ, 16 ಪಾಲು ಸೀಸಕ್ಕೆ 1 ಪಾಲು ತವರದ ಮಿಶ್ರಣವನ್ನೇ ನೆಚ್ಚಿಕೊಂಡಿದ್ದರು.

ಎರಕದ ಕೆಲಸ ಕಣ್ಣಿಗೆ ಸರಳ, ಕೈಗೆ ಕಠಿಣ. ಕಾದ ಅಚ್ಚಿಗೆ ಲೋಹ ಹೊಯ್ದಾಗ ಬಾಯಿಯ ಮೇಲೆ ನಿಂತ ಹೆಚ್ಚುವರಿ ಸೀಸ ಕನ್ನಡಿಯಂತೆ ಹೊಳೆಯುತ್ತಿದ್ದು, ಕೆಲವು ಕ್ಷಣಗಳಲ್ಲಿ ಥಟ್ಟನೆ ಮಂಕಾಗುತ್ತದೆ. ಆಗ ಮೇಲಿನ ತಗಡನ್ನು ಮರದ ಕೋಲಿನಿಂದ ತಟ್ಟಿದರೆ ಹೆಚ್ಚುವರಿ ತುಂಡು ಕತ್ತರಿಸಿ ಬೀಳುತ್ತದೆ, ಅಚ್ಚು ತೆರೆದರೆ ಗುಂಡು ಮಡಿಸಿಟ್ಟ ಬಟ್ಟೆಯ ಮೇಲೆ ಉದುರುತ್ತದೆ. ಮೈ ಸುಕ್ಕಾಗಿದ್ದರೆ ಅಚ್ಚು ತಣ್ಣಗಿದೆ ಅಥವಾ ಎಣ್ಣೆಯ ಪಸೆ ಉಳಿದಿದೆ ಎಂದರ್ಥ. ಬೂದಿ ಬಣ್ಣದ ಮಂಕು ಕವಿದಿದ್ದರೆ ಅತಿಯಾಗಿ ಕಾದಿದೆ. ಮಂಕಾದ ಗುಂಡನ್ನು ಬಳಸಬಹುದು, ಬುಡದ ಅಂಚು ಮೊಂಡಾದುದನ್ನು ಮಾತ್ರ ಮತ್ತೆ ಮೂಸೆಗೆ ಹಾಕಲೇಬೇಕು, ಏಕೆಂದರೆ ಅನಿಲದ ತಳ್ಳು ಬೀಳುವುದು ಬುಡದ ಮೇಲೆ. ಕರಗಿದ ಲೋಹದ ಮೇಲೆ ಕಟ್ಟುವ ಕೆನೆಯನ್ನು ಕಸವೆಂದು ಎಸೆಯುವುದೂ ಸಲ್ಲದು. ಅದರಲ್ಲಿ ಬೆಲೆಬಾಳುವ ತವರ ಆಕ್ಸೈಡ್ ರೂಪದಲ್ಲಿರುತ್ತದೆ, ಜೇನುಮೇಣವನ್ನೋ ಮರದ ಹೊಟ್ಟನ್ನೋ ಹಾಕಿ ಕಲಕಿದರೆ ಅದು ಮರಳಿ ಲೋಹವಾಗಿ ಬೆರೆಯುತ್ತದೆ.

ಒಂದು ಹನಿ ನೀರು ಕರಗಿದ ಸೀಸದೊಳಕ್ಕೆ ಇಳಿದರೂ ಆವಿಯಾಗಿ ಸಿಡಿದು ಲೋಹವನ್ನು ಮುಖಕ್ಕೆ ಎರಚುತ್ತದೆ. ಕಾರಿನ ಬ್ಯಾಟರಿಯ ಫಲಕಗಳನ್ನು ಕರಗಿಸುವುದಂತೂ ವಿಷಾನಿಲಕ್ಕೆ ದಾರಿ. ಸೀಸ 1749 ಡಿಗ್ರಿಯಲ್ಲಿ ಕುದಿಯುವ ಲೋಹವಾದ್ದರಿಂದ ಎರಕದ ಶಾಖದಲ್ಲಿ ಅದರ ಆವಿಗಿಂತ ಹೆಚ್ಚು ಅಂಜಬೇಕಾದುದು ಬೂದಿಯ ದೂಳಿಗೆ, ಅದು ಬೆರಳಿಗೆ ಅಂಟಿ ಬಾಯಿ ಸೇರುತ್ತದೆ. ಮಗುವಿನ ರಕ್ತದ ಪ್ರತಿ ಡೆಸಿಲೀಟರಿನಲ್ಲಿ 3.5 ಮೈಕ್ರೋಗ್ರಾಂ ಸೀಸ ಕಂಡರೂ ಗಮನ ಹರಿಸಬೇಕು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಮಿತಿಯನ್ನು ಇಳಿಸಿದೆ. ಎಷ್ಟೇ ಚೊಕ್ಕ ಗುಂಡು ಹೊಯ್ದರೂ, ಅಡುಗೆಮನೆಯ ಒಲೆಯ ಮೇಲೆ ಸೀಸ ಕರಗಿಸುವವನನ್ನು ಈ ಕಲೆ ಬಲ್ಲವನೆಂದು ಒಪ್ಪಲಾಗದು.