ಸಾಲ್ಕ್ ಸಂಶೋಧನಾಲಯದ ಅಂಗಳ

ಪೋಲಿಯೋ ಲಸಿಕೆಯಿಂದ ಲೋಕಮಾನ್ಯರಾದ ಜೋನಾಸ್ ಸಾಲ್ಕ್ ಅವರಿಗಾಗಿ ವಾಸ್ತುಶಿಲ್ಪಿ ಲೂಯಿ ಕಾನ್ ಅವರು ಕ್ಯಾಲಿಫೋರ್ನಿಯದ ಲಾ ಹೋಯಾದಲ್ಲಿ ರಚಿಸಿದ ಸಂಶೋಧನಾಲಯವು 1965ರಲ್ಲಿ ಮುಗಿಯಿತು. ಎದುರುಬದುರಾಗಿ ಎರಡು ಕಟ್ಟಡಸಾಲು. ನಡುವೆ ಟ್ರಾವರ್ಟೀನ್ ಕಲ್ಲು ಹಾಸಿದ ಅಂಗಳ. ಅದರ ಮಧ್ಯೆ ಶಾಂತಸಾಗರದತ್ತ ಹರಿಯುವ ಕಿರುಗಾಲುವೆ.

ಇಲ್ಲಿಯ ಕಾಂಕ್ರೀಟಿಗೆ ಗಿಲಾವಿಲ್ಲ, ಬಣ್ಣವಿಲ್ಲ. ಅಚ್ಚುಹಲಗೆಗಳು ಕೂಡಿದ ಗೆರೆಗಳೂ ಅವನ್ನು ಬಿಗಿದ ಗುರುತುಗಳೂ ಹಾಗೆಯೇ ಉಳಿದಿವೆ. ತಾನು ಹುಟ್ಟಿದ ಬಗೆಯನ್ನು ಮರೆಮಾಚದ ಈ ಸತ್ಯವೇ ಗೋಡೆಗೆ ಅಲಂಕಾರ. ಆ ಕಾಠಿಣ್ಯದ ನಡುವೆ ತೇಗದ ಕಿಟಕಿಗಳು ಮನುಷ್ಯನ ವಾಸವನ್ನು ಸೂಚಿಸುತ್ತವೆ. ಕಡಲ ಹವೆಯಲ್ಲಿ ಹದಗೆಟ್ಟ ಆ ಮರವನ್ನು 2017ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ಕಿತ್ತೆಸೆಯದೆ ಬಹುಮಟ್ಟಿಗೆ ಉಳಿಸಿಕೊಂಡುದು ವಿವೇಕದ ಕಾರ್ಯ.

ಅಂಗಳದಲ್ಲಿ ಗಿಡಮರಗಳಿರಲೆಂದು ಮೊದಲು ಯೋಚಿಸಿದ್ದ ಕಾನ್ ಅವರು, ಮೆಕ್ಸಿಕೋದ ಲೂಯಿಸ್ ಬರಗಾನ್ ಅವರ ಸಲಹೆಯಂತೆ ಅದನ್ನು ಬರಿದಾಗಿಯೇ ಬಿಟ್ಟರು. ನೋಟಕ್ಕೆ ಇದು ಭವ್ಯವೇ ಸರಿ. ಆದರೆ ನೆರಳಿಲ್ಲದೆಡೆ ಕುಳಿತು ಮಾತನಾಡುವವರಾರು? ವಿದ್ವಾಂಸರು ಬೆರೆಯಬೇಕಾದ ನಿಲಯದ ಹೃದಯದಲ್ಲಿಯೇ ಬಿಸಿಲು ಕಾಯುವುದು ಸಣ್ಣ ಕೊರತೆಯಲ್ಲ. ಆದರೂ ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿದವನಿಗೆ ತುಸು ದೂರವೂ ಬೇಕು. ಆ ದೂರವನ್ನು ಈ ಅಂಗಳ ಧಾರಾಳವಾಗಿ ಕೊಡುತ್ತದೆ. ನೆರಳನ್ನು ಮಾತ್ರ ಕೊಡದು.