ವಾರ್ಡಿನ ಮಂಚದಿಂದ ಒಂದು ಪ್ರಾರ್ಥನೆ: ಮ್ಯೂರಿಯಲ್ ಸ್ಪಾರ್ಕ್ ಅವರ 'ಮೆಮೆಂಟೊ ಮೋರಿ'

ಲಂಡನ್ನಿನ ಕೆಲವು ಮುದುಕ ಮುದುಕಿಯರಿಗೆ ಫೋನ್ ಬರುತ್ತದೆ. ಎತ್ತಿದರೆ ಅಪರಿಚಿತ ದನಿಯೊಂದು ಸಾವನ್ನು ಮರೆಯಬೇಡಿ ಎಂದು ಎಚ್ಚರಿಸಿ ಸುಮ್ಮನಾಗುತ್ತದೆ. ಕರೆ ಮಾಡುವವರು ಪೊಲೀಸರ ಕೈಗೆ ಸಿಗುವುದಿಲ್ಲ, ಯಾರೆಂದು ಲೇಖಕಿಯೂ ಕೊನೆಯವರೆಗೆ ಹೇಳುವುದಿಲ್ಲ. 1959ರಲ್ಲಿ ಬಂದ ಈ ಕಾದಂಬರಿಯನ್ನು ವಿಮರ್ಶಕರು ಸಾವಿನ ಸುತ್ತ ಹೆಣೆದ ಕಟಕಿಯ ಹಾಸ್ಯವೆಂದು ಮೆಚ್ಚುತ್ತ ಬಂದಿದ್ದಾರೆ. ನಗು ಇರುವುದೇನೋ ನಿಜ. ಆದರೆ ವಯಸ್ಸಾದ ತಂದೆತಾಯಿಯನ್ನು ಊರಲ್ಲಿ ಬಿಟ್ಟು ಬಂದ ನಮಗೆ ಅಪರಾತ್ರಿಯ ಫೋನಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ನಾವು ಈ ಪುಸ್ತಕವನ್ನು ಬೇರೆಯೇ ರೀತಿಯಲ್ಲಿ ಓದಬೇಕಾಗುತ್ತದೆ.

ಸ್ಪಾರ್ಕ್ (1918–2006) ಕ್ಯಾಥೊಲಿಕ್ ಸಭೆಯನ್ನು ಸೇರಿದ್ದು 1954ರಲ್ಲಿ. ಮರುವರ್ಷ ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್‌ಗೆ ಬಂದು ನೆಲೆಸಿದರು. ಕಾದಂಬರಿಯಲ್ಲಿ 87ರ ಗಾಡ್‌ಫ್ರಿ, ಅವನ ಹೆಂಡತಿ 85ರ ಚಾರ್ಮಿಯನ್, ತಂಗಿ 79ರ ಲೆಟ್ಟಿ ಇದ್ದಾರೆ. ಎಲ್ಲರೂ ಅನುಕೂಲಸ್ಥರೇ. ಗೆಳೆಯರ ಮುಪ್ಪಿನ ಒಂದೊಂದು ವಿವರವನ್ನೂ ಕಾರ್ಡುಗಳಲ್ಲಿ ಬರೆದಿಡುವ ಆಲೆಕ್ ವಾರ್ನರ್ ಎಂಬ ಮಹಾಶಯನೂ ಇದ್ದಾನೆ. ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಇವನ ಗುರುತು ಕೂಡಲೇ ಹತ್ತುತ್ತದೆ: ಬ್ಯಾಕಪ್ ಇಲ್ಲದ ಡೇಟಾಬೇಸು, ಕಡೆಗೆ ಎಲ್ಲವೂ ಬೆಂಕಿಗೆ ಆಹುತಿ!

ಆದರೆ ಕಾದಂಬರಿಯ ಜೀವ ಇರುವುದು ಸರಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ. ಅಲ್ಲಿ 82ರ ಜೀನ್ ಟೇಲರ್ ಮಲಗಿದ್ದಾಳೆ. ಹಿಂದೆ ಚಾರ್ಮಿಯನ್ನಳ ಸೇವಕಿಯಾಗಿದ್ದವಳು, ಈಗ ಕೀಲುನೋವಿನಿಂದ ಹಾಸಿಗೆ ಹಿಡಿದಿದ್ದಾಳೆ. ವಾರ್ಡಿನಲ್ಲಿ ಎಲ್ಲರೂ ಬರೀ 'ಗ್ರ್ಯಾನಿ'ಗಳು. ಒಬ್ಬ ಗ್ರ್ಯಾನಿ ದಿನವೂ ಪತ್ರಿಕೆಯ ದಿನಭವಿಷ್ಯವನ್ನು ಉಳಿದವರಿಗೆ ಓದಿ ಹೇಳುತ್ತಾಳೆ. ಟೇಲರ್ ಕ್ಯಾಥೊಲಿಕ್ ನಂಬಿಕೆಯವಳು. ನೋವಿಗಿಂತ ಮೊದಲು ಅವಳನ್ನು ಕಾಡಿದ್ದು ಈ ಗ್ರ್ಯಾನಿ ಎಂಬ ಹೆಸರಿನ ಅವಮಾನ. ಒಂದು ವರ್ಷ ಕಳೆದ ಮೇಲೆ ಅವಳು ನಿರ್ಧಾರವೊಂದಕ್ಕೆ ಬರುತ್ತಾಳೆ. ಈ ನರಳಿಕೆ ದೇವರ ಇಚ್ಛೆಯಾದರೆ ಅದನ್ನು ತನ್ನ ಇಚ್ಛೆಯೂ ಆಗಿಸಿಕೊಳ್ಳುವುದು. ಗುಣವಾಗಲಿ ಎಂದು ಬೇಡುವ ಪ್ರಾರ್ಥನೆ ಇದಲ್ಲ, ತನ್ನ ಮೇಲೆ ಹೊರಿಸಿದ್ದನ್ನು ತಾನೇ ಕೈಯಾರೆ ಎತ್ತಿಕೊಳ್ಳುವ ಪ್ರಾರ್ಥನೆ.

ಇಷ್ಟಕ್ಕೇ ನಿಂತಿದ್ದರೆ ಟೇಲರಳನ್ನು ಸಂತಳೆಂದು ಕೈಮುಗಿದು ಪುಸ್ತಕ ಮುಚ್ಚಬಹುದಿತ್ತು. ಹಾಗಾಗುವುದಿಲ್ಲ. ಗಾಡ್‌ಫ್ರಿಯ ಮನೆಯಲ್ಲಿ ಚಾರ್ಮಿಯನ್ನಳನ್ನು ನೋಡಿಕೊಳ್ಳಲು ಬಂದ ಮಿಸೆಸ್ ಪೆಟಿಗ್ರೂ ಅವನ ಹಳೆಯ ಹಾದರಗಳನ್ನು ಹೆಂಡತಿಗೆ ಹೇಳುವುದಾಗಿ ಹೆದರಿಸಿ ಸುಲಿಯುತ್ತಿದ್ದಾಳೆ. ಇದು ತಿಳಿದ ಟೇಲರ್, ಚಾರ್ಮಿಯನ್ನಳೂ ಆ ವಿಷಯದಲ್ಲಿ ಸಾಚಾ ಅಲ್ಲ ಎಂಬ ಗುಟ್ಟನ್ನು ಗಾಡ್‌ಫ್ರಿಗೆ ಮುಟ್ಟಿಸುತ್ತಾಳೆ. ದಶಕಗಳಿಂದ ಕಾಪಾಡಿದ ಗುಟ್ಟು! ಅದರೊಂದಿಗೆ ಅವನ ಹೆದರಿಕೆಯೂ ತೀರುತ್ತದೆ. ತನ್ನ ನೋವನ್ನು ದೇವರ ಇಚ್ಛೆ ಎಂದು ಒಪ್ಪಿದವಳು ಇನ್ನೊಬ್ಬರ ಸಂಕಟಕ್ಕೆ ಅದೇ ಮಾತು ಹೇಳಿ ಕೂರುವುದಿಲ್ಲ. ನಮ್ಮ ಮಟ್ಟಿಗೆ ಕಾದಂಬರಿಯ ನೈತಿಕ ಕೇಂದ್ರ ಇದೇ. ನೋವನ್ನು ಒಪ್ಪಿಕೊಳ್ಳುವ ಹಕ್ಕು ನರಳುವವರದು, ಪಕ್ಕದಲ್ಲಿ ಕೂತವರದಲ್ಲ.

ಈ ಮಾತಿಗೆ ಪುಸ್ತಕದ ಹೊರಗೂ ಸಾಕ್ಷಿ ಇದೆ. ಸ್ಪಾರ್ಕ್ ಹುಟ್ಟಿದ ವರ್ಷವೇ ಹುಟ್ಟಿದ ವೈದ್ಯೆ ಸಿಸಿಲಿ ಸಾಂಡರ್ಸ್ ಕ್ಯಾಥೊಲಿಕರಲ್ಲ, ಆಂಗ್ಲಿಕನ್ ಸಭೆಯವರು. ಆದರೂ 1958ರಲ್ಲಿ ಅವರು ಕೆಲಸಕ್ಕೆ ಸೇರಿದ್ದು ಹ್ಯಾಕ್ನಿಯ ಸೇಂಟ್ ಜೋಸೆಫ್ಸ್ ಹಾಸ್ಪೈಸಿಗೆ. ಐರ್ಲೆಂಡಿನ ಕ್ಯಾಥೊಲಿಕ್ ಸಿಸ್ಟರುಗಳು 1905ರಲ್ಲಿ ತೆರೆದ ಮನೆ ಅದು. ನೋವು ಮರುಕಳಿಸುವ ತನಕ ಕಾಯಿಸದೆ ಹೊತ್ತುಹೊತ್ತಿಗೆ ಮಾರ್ಫಿನ್ ಕೊಡುವ ಕ್ರಮವನ್ನು ಅವರು ಅಲ್ಲಿ ಬೆಳೆಸಿದರು. 1967ರಲ್ಲಿ ಸಿಡನ್‌ಹ್ಯಾಮಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸನ್ನು ಆರಂಭಿಸಿದರು. ಇತ್ತ ಪೋಪ್ ಹನ್ನೆರಡನೆಯ ಪಯಸ್ 1957ರಲ್ಲೇ, ನೋವು ನೀಗಿಸುವುದೇ ಉದ್ದೇಶವಾಗಿದ್ದು ಬೇರೆ ದಾರಿ ಇಲ್ಲದಿದ್ದರೆ, ಆಯುಸ್ಸು ಕೊಂಚ ಕಡಿಮೆಯಾದರೂ ಔಷಧಿ ಕೊಡಬಹುದೆಂದು ವೈದ್ಯರಿಗೆ ಹೇಳಿದ್ದರು. ಟೇಲರಳ ಜಪವೂ ಸಿಸ್ಟರುಗಳ ಮಾರ್ಫಿನ್ನೂ ಒಂದೇ ನಂಬಿಕೆಯ ಎರಡು ಕೈ.

ಕಾದಂಬರಿಯಲ್ಲಿ ನಮಗೆ ಕಂಡ ಕೊರತೆ ಈ ಎರಡನೆಯ ಕೈಯದು. ಆರೈಕೆ ಮಾಡುವವರ ಒಳಗಿನ ಬದುಕು ಇಲ್ಲಿ ಕಾಣಿಸುವುದೇ ಕಡಿಮೆ. ಪೆಟಿಗ್ರೂ ಸುಲಿಗೆಕೋರಳು, ವಾರ್ಡಿನ ಸಿಸ್ಟರ್ ಬರ್ಸ್‌ಟೆಡ್ ಎಂದರೆ ಗ್ರ್ಯಾನಿಗಳಿಗೆ ನಡುಕ. ಸ್ಪಾರ್ಕ್ ಅವರಿಗೆ ಅನುಭವ ಇರಲಿಲ್ಲವೆನ್ನುವಂತಿಲ್ಲ, ಎಡಿನ್‌ಬರೋದ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯ ಆರೈಕೆಗೆ ಬಾಲ್ಯದಲ್ಲೇ ಕೈಜೋಡಿಸಿದವರು. ಆದರೂ ರಾತ್ರಿಯೆಲ್ಲ ಎದ್ದಿದ್ದು ಬೆಳಗ್ಗೆ ಸಿಡುಕುವ ಮಗಳೋ ಸೊಸೆಯೋ ಈ ಪುಸ್ತಕದಲ್ಲಿಲ್ಲ. ಅವಳ ಪ್ರಾರ್ಥನೆ ಹೇಗಿದ್ದೀತು?

ನಮ್ಮ ಕಡೆ, ಮಂಗಳೂರು ಮಲೆನಾಡಿನ ಕ್ಯಾಥೊಲಿಕ್ ಮನೆಗಳಲ್ಲಿ, ಸಂಜೆಯ ಜಪಸರವನ್ನು ಮನೆಮಂದಿಯೆಲ್ಲ ಸೇರಿ ಹೇಳುವ ರೂಢಿ. ಹಾಸಿಗೆ ಹಿಡಿದ ಅಜ್ಜಿ ಮಲಗಿದಲ್ಲಿಂದಲೇ ದನಿಗೂಡಿಸುತ್ತಾಳೆ. 2025ರ ಜನವರಿಯಲ್ಲಿ ನಮ್ಮನ್ನಗಲಿದ ನಾ. ಡಿಸೋಜ ಅವರ ಒಂದು ಕಾದಂಬರಿಯ ಹೆಸರೇ 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು'. ಇಗರ್ಜಿ ಎಂದರೆ ನೆರೆಹೊರೆಯೂ ಹೌದು ಎಂಬುದು ಆ ಹೆಸರಲ್ಲೇ ಇದೆ. ಟೇಲರಳಿಗೆ ಆ ಹತ್ತು ಮನೆಗಳಿಲ್ಲ, ಒಂಟಿ ಮಂಚವಷ್ಟೇ.

ಲಂಡನ್ನಿನಲ್ಲಿರುವ ನಾವು ಆ ಮನೆಗಳಿಂದಲೂ ದೂರ, ಈ ಮಂಚದಿಂದಲೂ ದೂರ. ಊರಲ್ಲಿ ಅಮ್ಮನನ್ನು ನೋಡಿಕೊಳ್ಳುವ ಅಕ್ಕನಿಗೆ ಭಾನುವಾರ ಫೋನ್ ಮಾಡಿ 'ಎಲ್ಲಾ ದೇವರಿಚ್ಛೆ ಕಣಕ್ಕಾ' ಅನ್ನುವುದು ಬಹಳ ಸುಲಭ. ಅಮ್ಮ ತನ್ನ ಬಗ್ಗೆ ಆ ಮಾತು ಹೇಳಿಕೊಂಡರೆ ಅದು ಪ್ರಾರ್ಥನೆ. ಸುಮಾರು ಐದು ಸಾವಿರ ಮೈಲಿ ದೂರದಿಂದ ನಾವು ಹೇಳಿದರೆ ಅದು ಜಾರಿಕೊಳ್ಳುವ ಉಪಾಯ. ಅಕ್ಕ ಎರಡು ವಾರ ನಿದ್ದೆ ಮಾಡಲೆಂದು ರಜೆ ಹಾಕಿ ಹೋಗಿ ಕೂರುವುದೋ, ರಾತ್ರಿಪಾಳಿಗೆ ಹೋಂ ನರ್ಸ್ ಇಡಲು ಹಣ ಕಳಿಸುವುದೋ ನಮ್ಮ ಪಾಲಿನ ಜಪಸರವಾದೀತು.

'ಮೆಮೆಂಟೊ ಮೋರಿ' ದೊಡ್ಡ ಪುಸ್ತಕವೇನಲ್ಲ, ಎರಡು ಮೂರು ಸಂಜೆಗಳಲ್ಲಿ ಮುಗಿಯುತ್ತದೆ. ಓದುಗರು ಟೇಲರಳ ವಾರ್ಡಿನ ಪುಟಗಳನ್ನು ಮಾತ್ರ ಎರಡು ಸಲ ಓದಬೇಕೆಂದು ನಮ್ಮ ಶಿಫಾರಸು. ಮೊದಲ ಸಲ ಮಂಚದ ಮೇಲೆ ಮಲಗಿದವಳಾಗಿ, ಎರಡನೆಯ ಸಲ ಪಕ್ಕದ ಕುರ್ಚಿಯಲ್ಲಿ ಕೂತವರಾಗಿ.